ಅಳಿಲು ನಿಲ್ಲುವ ಕೊಂಬೆ

(ಮಡಿಕೇರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಬೆಳೆಗಾರರು ಸೇರಿದ್ದ ಸಭೆಯೊಂದರಲ್ಲಿ ತೋಟ, ಗದ್ದೆಗಳ ಚುರುಕಾದ ಸಣ್ಣ ಪ್ರಾಣಿಗಳ ಫೋಟೋ ತೆಗೆಯುವುದರ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಅಲ್ಲಲ್ಲಿ ವಿವರಣೆ ಸೇರಿಸಿದ್ದೇನೆ. ಸಭಿಕರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಫೋಟೋ ನೋಡಲು ಬಂದರೆ ಗಣಿತದ ಪಾಠ ಶುರುವಾಯಿತಲ್ಲ ಎಂದು ಗೊಣಗಬೇಡಿ. ಗುಣಾಕಾರ, ಭಾಗಾಕಾರ ಬಿಟ್ಟು ಬೇರೇನೂ ಇಲ್ಲ.

ನಿಮ್ಮ ಕೈಯಲ್ಲಿ 400 ಮಿಲಿಮೀಟರ್ ಲೆನ್ಸ್ ಇದೆ ಎಂದುಕೊಳ್ಳಿ. ಕ್ಯಾಮೆರಾ ನಮ್ಮಲ್ಲಿ ಹೆಚ್ಚಿನವರು ಕೊಳ್ಳುವ ಎಪಿಎಸ್-ಸಿ ಮಾದರಿಯದು. ಅದರ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಫಲಕ, ಸುಮಾರು 24 ಮಿಲಿಮೀಟರ್ ಅಗಲ. ಹತ್ತು ಮೀಟರ್ ದೂರದ ಹಾಲುವಾಣದ ಕೊಂಬೆಯ ಮೇಲೆ ಒಂದು ಅಳಿಲು. ಅಷ್ಟು ದೂರದಲ್ಲಿ ನಿಮ್ಮ ಫ್ರೇಮಿನೊಳಗೆ ಹಿಡಿಸುವುದು ಕೇವಲ 60 ಸೆಂಟಿಮೀಟರ್ ಅಗಲದ ಜಾಗ. ಅಳಿಲು ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಓಡಿತು ಎನ್ನಿ, ಆ ಜಾಗವನ್ನು ದಾಟಲು ಅದಕ್ಕೆ ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಕಣ್ಣಿಗೆ ಬಿದ್ದದ್ದನ್ನು ಮಿದುಳು ಗ್ರಹಿಸಿ, ಬೆರಳಿಗೆ ಆಜ್ಞೆ ಕೊಟ್ಟು, ಬೆರಳು ಗುಂಡಿ ಒತ್ತಲು ಮನುಷ್ಯನಿಗೆ ಹಿಡಿಯುವ ಸಮಯ ಹೆಚ್ಚು ಕಡಿಮೆ ಕಾಲು ಸೆಕೆಂಡು. ಅಳಿಲು ಬಂತು ಎಂದು ನೀವು ಒತ್ತುವ ಹೊತ್ತಿಗೆ ಅದು ಹೋಗಿಯೂ ಆಗಿರುತ್ತದೆ. ಖಾಲಿ ಕೊಂಬೆಯ ಚೊಕ್ಕಟವಾದ ಚಿತ್ರ ನಿಮ್ಮದಾಗುತ್ತದೆ. ಅಂಥ ಕೊಂಬೆಗಳ ಸಂಗ್ರಹ ಈ ಸಭೆಯಲ್ಲಿ ಹಲವರ ಬಳಿ ಇರಬಹುದು.

ಅದೃಷ್ಟವಶಾತ್ ಸರಿಯಾದ ಗಳಿಗೆಯಲ್ಲಿ ಒತ್ತಿದಿರಿ ಎಂದೇ ಇಟ್ಟುಕೊಳ್ಳೋಣ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಸಮಯ, ಸೆಕೆಂಡಿನ ಸಾವಿರದ ಒಂದು ಭಾಗ. ಅಷ್ಟರಲ್ಲಿ ಅಳಿಲು ಐದು ಮಿಲಿಮೀಟರ್ ಮುಂದೆ ಸರಿದಿರುತ್ತದೆ. ಸೆನ್ಸರ್ ಮೇಲೆ ಅದು 0.2 ಮಿಲಿಮೀಟರ್. ಏನು ಮಹಾ ಅನ್ನಿಸುತ್ತದೆ. ಆದರೆ 24 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ 0.2 ಮಿಲಿಮೀಟರ್ ಎಂದರೆ ಐವತ್ತು ಪಿಕ್ಸೆಲ್. ಅಳಿಲಿನ ಕಣ್ಣೇ ಆ ಚಿತ್ರದಲ್ಲಿ ಅದಕ್ಕಿಂತ ಬಹಳ ದೊಡ್ಡದೇನಲ್ಲ. ಕಣ್ಣು ಅಳಿಸಿಹೋದ ಮೇಲೆ ಆ ಚಿತ್ರದಲ್ಲಿ ಉಳಿಯುವುದೇನು?

ಹಾಗಾದರೆ ಶಟರ್ ವೇಗವನ್ನು ಇನ್ನೂ ಏರಿಸೋಣ ಎನ್ನುತ್ತೀರಿ. ಏರಿಸಬಹುದು, ಬೆಳಕಿದ್ದರೆ. ಬಯಲಿನ ನೇರ ಬಿಸಿಲಿನಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್5.6, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100 ಇಟ್ಟರೆ 1/800 ಸೆಕೆಂಡು ಸಿಗುತ್ತದೆ. ಕಾಫಿ ತೋಟದೊಳಗೆ ಬಿಸಿಲೆಲ್ಲಿದೆ? ಮೇಲೆ ಬಳಂಜಿಯೋ ಹಲಸೋ, ನಡುವೆ ಹಾಲುವಾಣ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ. ಮೇಲಿನ ಬೆಳಕು ಸೋಸಿ ಸೋಸಿ ಕೆಳಗಿಳಿಯುವಷ್ಟರಲ್ಲಿ ಐದು ಸ್ಟಾಪ್ ಕಳೆದುಹೋಗಿರುತ್ತದೆ, ಅಂದರೆ ಬೆಳಕು ಐದು ಸಲ ಅರ್ಧರ್ಧವಾಗಿರುತ್ತದೆ. ಅದೇ 1/800 ಸೆಕೆಂಡಿಗೆ ಈಗ ಐಎಸ್ಒ 3200 ಬೇಕು. 1/4000 ಬೇಕೆಂದರೆ 16000. ಚಿತ್ರ ಮರಳಿನ ಹಾಸಿನಂತಾಗುತ್ತದೆ.

ಇಷ್ಟೆಲ್ಲ ಲೆಕ್ಕ ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ವೇಗದ ಪ್ರಾಣಿಯನ್ನು ಹಿಡಿಯಲು ವೇಗದ ಕ್ಯಾಮೆರಾ ಬೇಕು ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಅಂಗಡಿಯವರು ಹೇಳುವುದೂ ಅದನ್ನೇ. ತೋಟದ ನೆರಳಿನಲ್ಲಿ ಆ ಪೈಪೋಟಿಗೆ ಇಳಿದರೆ ಸೋಲು ಖಚಿತ. ಗೆಲ್ಲುವ ದಾರಿ ಬೇರೆ ಇದೆ, ಅದಕ್ಕೆ ಹಣವೂ ಬೇಡ.

ಸಣ್ಣ ಪ್ರಾಣಿಗಳು ಒಂದೇ ಸಮನೆ ಓಡುವುದಿಲ್ಲ. ನಾಲ್ಕು ಹೆಜ್ಜೆ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಮತ್ತೆ ಓಡುತ್ತವೆ. ಕಾಫಿ ಕಣದ ಅಂಚಿನ ಅಳಿಲನ್ನು ಕ್ಯಾಮೆರಾ ಇಲ್ಲದೆ ಸುಮ್ಮನೆ ನೋಡಿ, ಓಟಕ್ಕಿಂತ ನಿಲುಗಡೆಯ ಹೊತ್ತೇ ಹೆಚ್ಚು. ಪ್ರಾಣಿವಿಜ್ಞಾನಿಗಳು ಈ ಬಿಟ್ಟು ಬಿಟ್ಟು ಓಡುವ ಕ್ರಮವನ್ನು ಮೀನಿನಿಂದ ಹಿಡಿದು ಹಲ್ಲಿ, ಹಕ್ಕಿ, ಅಳಿಲಿನವರೆಗೆ ಗಮನಿಸಿದ್ದಾರೆ. ಓಡುವಾಗ ಪ್ರಾಣಿಯ ಕಣ್ಣಿಗೂ ಲೋಕ ಮಸುಕಾಗಿಯೇ ಕಾಣುತ್ತದೆ. ಗಿಡುಗನ ನೆರಳು ಸರಿಯಿತೇ, ತರಗೆಲೆಯೊಳಗೆ ಹಾವು ಅಲುಗಾಡಿತೇ ಎಂದು ತಿಳಿಯಬೇಕಾದರೆ ನಿಲ್ಲಲೇಬೇಕು. ನಿಂತರೆ ದಣಿವೂ ಆರುತ್ತದೆ. ಹೀಗಾಗಿ ಎಷ್ಟೇ ಚುರುಕಿನ ಪ್ರಾಣಿಯಾದರೂ ಅದರ ದಾರಿಯಲ್ಲಿ ನಿಲ್ದಾಣಗಳಿರುತ್ತವೆ. ಹೊರಟ ಬಸ್ಸಿನ ಹಿಂದೆ ಓಡುವ ಬದಲು ಮುಂದಿನ ನಿಲ್ದಾಣದಲ್ಲಿ ಹೋಗಿ ಕುಳಿತುಕೊಳ್ಳಿ ಎಂಬುದಷ್ಟೇ ನನ್ನ ಇಂದಿನ ಮಾತು. ಉಳಿದದ್ದೆಲ್ಲ ಇದರ ವಿವರ.

ಹಾರುವ ಓತಿಯಿಂದ ಶುರು ಮಾಡುತ್ತೇನೆ. ನಮ್ಮ ಕೊಡಗಿನಲ್ಲಿ ಅಡಿಕೆ ಗಿಡಗಳಿರುವ ಕಡೆ ಕಣ್ಣಿಟ್ಟು ಹುಡುಕಿದರೆ ಸಿಗುವ ಜೀವಿ ಇದು. ತೋಟಕ್ಕೆ ದಿನಾ ಹೋಗುವವರೂ ಇದನ್ನು ನೋಡದಿರಬಹುದು, ಏಕೆಂದರೆ ಕಾಂಡಕ್ಕೆ ಅಂಟಿ ಕುಳಿತ ಓತಿಗೂ ಅಡಿಕೆ ಮರದ ತೊಗಟೆಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ. (ಇಲ್ಲಿ ಒಂದು ಚಿತ್ರ ತೋರಿಸಿ ಓತಿ ಎಲ್ಲಿದೆ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಬಿಟ್ಟರೆ ಯಾರೂ ಹೇಳಲಿಲ್ಲ.) ಅದನ್ನು ಬಯಲು ಮಾಡುವುದು ಅದರ ಗಂಟಲು. ಗಂಡು ಓತಿ ಕತ್ತಿನ ಕೆಳಗಿನ ಹಳದಿ ಚರ್ಮವನ್ನು ಮುಂದಕ್ಕೆ ಚಾಚಿ ಮಡಚುತ್ತದೆ, ಮತ್ತೆ ಚಾಚುತ್ತದೆ. ಬೂದು ಕಾಂಡದ ಮೇಲೆ ನಿಂಬೆ ಹಳದಿಯ ಒಂದು ಚೂರು ಮಿನುಗಿ ಮಾಯವಾಗುತ್ತದೆ. ಕಣ್ಣಿನ ಅಂಚಿಗೆ ಅದು ಬಿದ್ದರೆ ಓತಿ ಸಿಕ್ಕಿತು.

ಸಿಕ್ಕಿದ ಮೇಲೆ ಹತ್ತಿರ ಹೋಗಬೇಡಿ. ಹೋದರೆ ಅದು ಕಾಂಡದ ಆಚೆ ಬದಿಗೆ ಸರಿಯುತ್ತದೆ. ನೀವು ಸುತ್ತಿದರೆ ಅದೂ ಸುತ್ತುತ್ತದೆ. ಇಬ್ಬರೂ ಅಡಿಕೆ ಮರಕ್ಕೆ ಪ್ರದಕ್ಷಿಣೆ ಹಾಕಿದ್ದಷ್ಟೇ ಲಾಭ. ನಿಂತಲ್ಲೇ ನಿಂತು ಅದು ಏನು ಮಾಡುತ್ತದೆ ನೋಡಿ. ಕಾಂಡದ ಮೇಲೆ ಸಾಲು ಹೋಗುವ ಇರುವೆಗಳನ್ನು ಹೆಕ್ಕುತ್ತಾ ಮೇಲೇರುತ್ತದೆ. ಏರಿ ಏರಿ ಒಂದು ಎತ್ತರ ತಲುಪಿದ ಮೇಲೆ ಪಕ್ಕದ ಮರದ ಕಡೆ ಕತ್ತು ತಿರುಗಿಸುತ್ತದೆ. ನಿಮ್ಮ ಕ್ಯಾಮೆರಾ ಕೆಲಸ ಶುರು ಮಾಡಬೇಕಾದದ್ದು ಆಗ. ಅದು ಜಿಗಿದ ಮೇಲೆ ಎಲ್ಲಿ ಇಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು. ತೇಲುವ ಪ್ರಾಣಿ ಎತ್ತರವನ್ನು ಖರ್ಚು ಮಾಡಿಯೇ ದೂರವನ್ನು ಗಳಿಸಬೇಕು. ಹಾಗಾಗಿ ಪಕ್ಕದ ಮರದ ಕೆಳಗಿನ ಭಾಗದಲ್ಲಿ, ತಲೆ ಮೇಲಾಗಿ ಇಳಿಯುತ್ತದೆ. ಅಲ್ಲಿಂದ ಮತ್ತೆ ಏರುವ ಕೆಲಸ. ಗಂಡಿಗೆ ತನ್ನದೆಂಬ ಗಡಿಯೂ ಇರುತ್ತದೆ, ಆ ಕೆಲವೇ ಮರಗಳ ನಡುವೆಯೇ ಅದರ ಓಡಾಟ. ಒಂದು ಬೆಳಗ್ಗೆ ಪೂರ್ತಿ ಸುಮ್ಮನೆ ಕುಳಿತು ನೋಡಿದರೆ ಯಾವ ಮರದಿಂದ ಯಾವ ಮರಕ್ಕೆ ಎಂಬುದು ಗೊತ್ತಾಗುತ್ತದೆ. ಇಳಿಯುವ ಕಾಂಡದ ಮೇಲೆ ಮೊದಲೇ ಫೋಕಸ್ ಇಟ್ಟುಕೊಂಡು ಕಾಯಿರಿ.

ಅದರ ಹಾರಾಟದ ಬಗ್ಗೆ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಈ ಓತಿಯ ರೆಕ್ಕೆ ಎಂದರೆ ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಅದು ಪಕ್ಕೆಲುಬುಗಳಿಂದಲೇ ಬಿಚ್ಚಿಕೊಳ್ಳುತ್ತದೆ, ಮುಂಗಾಲುಗಳು ಸುಮ್ಮನೆ ಮುಂದೆ ಚಾಚಿಕೊಂಡಿರುತ್ತವೆ ಎಂದು ಬಹುಕಾಲ ತಿಳಿದಿದ್ದರು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ತಿದ್ದಿತು. ಓತಿ ಜಿಗಿದ ಕೂಡಲೇ ಮುಂಗಾಲುಗಳನ್ನು ಹಿಂದಕ್ಕೆ ತಂದು ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ, ತೇಲುವಷ್ಟು ಹೊತ್ತೂ ಹಿಡಿದೇ ಇರುತ್ತದೆ, ಇಳಿಯುವ ಮುನ್ನ ಬಿಡುತ್ತದೆ. ಈ ಸಂಗತಿ ಗೊತ್ತಾದದ್ದು ಹಾರುತ್ತಿರುವ ಓತಿಗಳ ಫೋಟೋಗಳಿಂದ. ಆ ಫೋಟೋಗಳನ್ನು ತೆಗೆದದ್ದು ಎಲ್ಲೋ ದೂರದ ಮಳೆಕಾಡಿನಲ್ಲಲ್ಲ, ನಮ್ಮದೇ ರಾಜ್ಯದ ಆಗುಂಬೆಯ ಬಳಿಯ ಅಡಿಕೆ ತೋಟದಲ್ಲಿ. ನೂರಾರು ವರ್ಷ ಜನ ಓಡಾಡಿದ ತೋಟದಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತಿದ್ದದ್ದು ಬರಿಗಣ್ಣಿಗೆ ಸಿಕ್ಕಿರಲಿಲ್ಲ.

ಛಾಯಾಗ್ರಹಣಕ್ಕೆ ಈ ಹುಚ್ಚು ಹಳೆಯದು. 1878ರಲ್ಲಿ ಮೈಬ್ರಿಜ್ ಎಂಬುವರು ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದರು. ನಾಲ್ಕು ವರ್ಷದ ನಂತರ ಫ್ರಾನ್ಸಿನ ಮಾರೆ ಎಂಬ ಶರೀರವಿಜ್ಞಾನಿ ಬಂದೂಕಿನ ಆಕಾರದ ಕ್ಯಾಮೆರಾವೊಂದನ್ನು ಮಾಡಿ, ಹಾರುವ ಹಕ್ಕಿಗೆ ಗುರಿಯಿಟ್ಟು, ಸೆಕೆಂಡಿಗೆ ಹನ್ನೆರಡು ಚಿತ್ರ ತೆಗೆದರು. ಕೋವಿ ಎಂದರೆ ಕೊಡಗಿನವರಿಗೆ ಕಿವಿ ನೆಟ್ಟಗಾಗುತ್ತದೆ, ಅದಕ್ಕೇ ಹೇಳಿದೆ. ಹಕ್ಕಿಗೆ ಏನೂ ಆಗದ ಕೋವಿ ಅದು.

ಇನ್ನು ಕೆಂದಳಿಲು. ಮೂಗಿನಿಂದ ಬಾಲದ ತುದಿಯವರೆಗೆ ಅಳೆದರೆ ಹತ್ತಿರ ಹತ್ತಿರ ಮೂರು ಅಡಿ, ಅದರಲ್ಲಿ ಅರ್ಧಕ್ಕೂ ಹೆಚ್ಚು ಬಾಲವೇ. ಇಷ್ಟು ದೊಡ್ಡದನ್ನು ಸಣ್ಣ ಪ್ರಾಣಿಯ ಪಟ್ಟಿಗೆ ಹೇಗೆ ಸೇರಿಸಿದಿರಿ ಎಂದು ಕೇಳಬಹುದು. ಮೂವತ್ತು ಅಡಿ ಎತ್ತರದಲ್ಲಿ, ಎಲೆಗಳ ನಡುವೆ, ಮರದಿಂದ ಮರಕ್ಕೆ ಹಾರುವಾಗ ಅದು ಸಣ್ಣದೇ. ಇದರ ಗುಟ್ಟು ಅದರ ದಾರಿಯಲ್ಲಿದೆ. ಕೆಂದಳಿಲು ನೆಲಕ್ಕಿಳಿಯುವುದು ತೀರಾ ಅಪರೂಪ. ಕೊಂಬೆಯಿಂದ ಕೊಂಬೆಗೆ ಅದರದೇ ರೂಢಿಯ ಹಾದಿಗಳಿವೆ. ದಟ್ಟ ಕಾಡಿನಲ್ಲಿ ಆ ಹಾದಿಗಳನ್ನು ಗುರುತಿಸುವುದು ಕಷ್ಟ, ಎಲ್ಲ ಕೊಂಬೆಗಳೂ ಕೂಡಿಕೊಂಡಿರುತ್ತವೆ. ಕಾಫಿ ತೋಟದಲ್ಲಿ ಹಾಗಲ್ಲ. ಮಳೆಗಾಲಕ್ಕೆ ಮುಂಚೆ ಮರ ಕಪಾತು (ನೆರಳಿನ ಮರಗಳ ಕೊಂಬೆ ಸವರುವುದು) ಆದ ಮೇಲೆ ಮೇಲಿನ ಹಸಿರು ತುಂಡು ತುಂಡಾಗುತ್ತದೆ. ಆಗ ಒಂದು ಮರದ ಗುಂಪಿನಿಂದ ಇನ್ನೊಂದಕ್ಕೆ ದಾಟಲು ಒಂದೋ ಎರಡೋ ಕೊಂಬೆಗಳಷ್ಟೇ ಉಳಿಯುತ್ತವೆ. ಅಲ್ಲಿಗೆ ಬಂದು ಕೆಂದಳಿಲು ನಿಲ್ಲುತ್ತದೆ. ಆರು ಮೀಟರ್‌ವರೆಗೆ ಹಾರಬಲ್ಲ ಪ್ರಾಣಿಯಾದರೂ ಕಣ್ಣು ಮುಚ್ಚಿ ಹಾರುವುದಿಲ್ಲ. ಕೊಂಬೆಯ ತುದಿಯಲ್ಲಿ ಮೈ ಕುಗ್ಗಿಸಿ, ತಲೆ ಮೇಲೆ ಕೆಳಗೆ ಮಾಡಿ ದೂರವನ್ನು ಅಂದಾಜು ಮಾಡುತ್ತದೆ. ಆ ಒಂದೆರಡು ಸೆಕೆಂಡು ನಿಮ್ಮದು. ಹಿಂದೆ ಆಕಾಶದ ಬಿಳಿ ಇರುತ್ತದೆ ಎಂಬುದನ್ನು ಮರೆಯಬೇಡಿ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಿಕೊಳ್ಳದಿದ್ದರೆ ಕೆಂಪು ಅಳಿಲು ಕಪ್ಪು ಅಳಿಲಾಗುತ್ತದೆ.

ತಿನ್ನುವಾಗಲೂ ಅದು ಒಳ್ಳೆಯ ರೂಪದರ್ಶಿ. ಹಿಂಗಾಲುಗಳಿಂದ ಕೊಂಬೆಯನ್ನು ಹಿಡಿದು, ಬಾಲವನ್ನು ಇನ್ನೊಂದು ಬದಿಗೆ ಇಳಿಬಿಟ್ಟು ತೂಕ ಸರಿಮಾಡಿಕೊಂಡು, ಮುಂಗಾಲುಗಳಲ್ಲಿ ಹಣ್ಣು ಹಿಡಿದು ತಿರುಗಿಸುತ್ತಾ ತಿನ್ನುತ್ತದೆ. ಅತ್ತಿ, ಗೋಳಿ, ಹಲಸು ಬಿಡುವ ಕಾಲದಲ್ಲಿ ಯಾವ ಮರಕ್ಕೆ ಬರುತ್ತದೆ ಎಂದು ತಿಳಿಯಲು ನೀವು ಯಾವ ಪುಸ್ತಕವನ್ನೂ ತೆರೆಯಬೇಕಿಲ್ಲ. ಆ ತೋಟದ ಕೆಲಸದ ಮೇಲ್ವಿಚಾರಣೆ ನೋಡುವ ರೈಟರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಕಾರ್ಮಿಕರ ಲೈನ್ ಮನೆಯ ಮಕ್ಕಳನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಯಾವ ಬಿರುಕಿನಲ್ಲಿ ಉಡ ಇದೆ, ಯಾವ ಪೊಟರೆಯಿಂದ ಹಾರುಬೆಕ್ಕು (ಹಾರುವ ಅಳಿಲು) ಸಂಜೆ ಹೊರಡುತ್ತದೆ ಎಂಬುದೆಲ್ಲ ಅವರ ಬಾಯಲ್ಲೇ ಇದೆ. ಬೆಂಗಳೂರಿನಿಂದ ಬಂದು ಎರಡು ದಿನ ಹೋಂಸ್ಟೇಯಲ್ಲಿ ತಂಗಿ, ಮೂರು ಲಕ್ಷದ ಲೆನ್ಸ್ ಹೊತ್ತು ತೋಟದ ರಸ್ತೆಯಲ್ಲಿ ಮೇಲೆ ಕೆಳಗೆ ನಡೆಯುವವರಿಗೆ ಇದು ಸಿಗುವುದಿಲ್ಲ. ಇಲ್ಲಿ ಕುಳಿತಿರುವ ನಿಮಗೆ ಸಿಗುತ್ತದೆ. ಈ ಕಲೆಯಲ್ಲಿ ಕೊಡಗಿನವರು ಊರಿನ ಜಾಣ್ಮೆಯಿಂದಲೇ ಬಹಳ ಮುಂದಿರಬೇಕಾಗಿತ್ತು, ಏಕೋ ನಾವು ಇನ್ನೂ ನಾಗರಹೊಳೆಯ ಹುಲಿ, ದುಬಾರೆಯ ಆನೆಯಲ್ಲೇ ಇದ್ದೇವೆ. ಸಫಾರಿ ವಾಹನದಲ್ಲಿ ಕುಳಿತು ಹತ್ತು ಜನರೊಂದಿಗೆ ಒಂದೇ ಹುಲಿಯ ಒಂದೇ ಚಿತ್ರ ತೆಗೆಯುವುದರಲ್ಲಿ ಏನು ಖುಷಿಯೋ ನನಗೆ ಅರ್ಥವಾಗಿಲ್ಲ.

ಗದ್ದೆಯ ಕಡೆ ಬರೋಣ. ಕೊರಳಲ್ಲಿ ಕಪ್ಪು ಪಟ್ಟೆ ಇರುವ ದೊಡ್ಡ ಮುಂಗುಸಿಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಏಷ್ಯಾದ ಮುಂಗುಸಿಗಳಲ್ಲೆಲ್ಲ ಇದೇ ದೊಡ್ಡದು. ಮೈ ಕೆಂಗಂದು, ಬಾಲದ ತುದಿ ಕಪ್ಪು. ನೀರಿನ ಆಸರೆ ಇರುವ ಜಾಗವೆಂದರೆ ಇದಕ್ಕೆ ಇಷ್ಟ. ಏಡಿ, ಕಪ್ಪೆ, ಇಲಿ ಹೀಗೆ ಸಿಕ್ಕಿದ್ದನ್ನು ತಿನ್ನುತ್ತದೆ. ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳಲ್ಲಿ) ಏಡಿಯ ಮೇಲೆ ಆಸೆ ಹುಟ್ಟುವುದು ನಮಗಷ್ಟೇ ಅಲ್ಲ. ಈ ಮುಂಗುಸಿ ಗದ್ದೆಯ ಬದುವನ್ನು ಹಿಡಿದು ಬರುತ್ತದೆ, ಬದು ತಿರುಗಿದಲ್ಲಿ ತಾನೂ ತಿರುಗುತ್ತದೆ. ಪ್ರತಿ ಬಿಲದ ಬಾಯಲ್ಲಿ ಮೂಗಿಟ್ಟು ನೋಡಿ ಮುಂದೆ ಹೋಗುತ್ತದೆ. ಅಂದರೆ ಅದರ ದಾರಿ ನಿಮಗೆ ಮೊದಲೇ ಗೊತ್ತು, ನಿಲ್ಲುವ ಜಾಗಗಳೂ ಗೊತ್ತು. ಗಾಳಿ ಅದರ ಕಡೆಯಿಂದ ನಿಮ್ಮ ಕಡೆ ಬೀಸುವಂತೆ ನೋಡಿಕೊಂಡು ಬದುವಿನ ಆ ತುದಿಯಲ್ಲಿ ನೆಲಕ್ಕೆ ಒರಗಿ ಮಲಗಿ. ಕುಳಿತು ತೆಗೆದರೆ ಹಿನ್ನೆಲೆಯಲ್ಲಿ ಕೆಸರು ಬರುತ್ತದೆ, ಮಲಗಿ ತೆಗೆದರೆ ದೂರದ ಮರಗಳ ಹಸಿರು ಬರುತ್ತದೆ. ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ ಎಂದು ಎಲ್ಲರೂ ಹೇಳುತ್ತಾರೆ, ಕೊಡಗಿನ ಗದ್ದೆಯಲ್ಲಿ ಅದಕ್ಕೆ ಜಿಗಣೆಗಳ ಒಪ್ಪಿಗೆಯೂ ಬೇಕು. ಸುಣ್ಣ, ಹೊಗೆಸೊಪ್ಪು, ಉದ್ದನೆಯ ಕಾಲುಚೀಲ, ಯಾವುದು ನಿಮಗೆ ಒಗ್ಗುತ್ತದೋ ನೋಡಿಕೊಳ್ಳಿ.

ನೀರುನಾಯಿಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಹೊಳೆಯ ನಡುವಿನ ಯಾವುದಾದರೂ ಬಂಡೆಯ ಮೇಲೆ ಏಡಿ ಚಿಪ್ಪಿನ ಚೂರು, ಮೀನಿನ ಮುಳ್ಳು ತುಂಬಿದ ಹಿಕ್ಕೆ ಕಂಡರೆ ಆ ಬಂಡೆಯನ್ನು ನೆನಪಿಟ್ಟುಕೊಳ್ಳಿ. ನೀರುನಾಯಿಗಳು ಗುರುತು ಹಾಕಲು ಮತ್ತೆ ಮತ್ತೆ ಅದೇ ಬಂಡೆಗೆ ಬರುತ್ತವೆ. ಏರೋಪ್ಲೇನ್ ಚಿಟ್ಟೆಗಳಲ್ಲಿ ಎರಡು ಸ್ವಭಾವ. ಕೆಲವು ಒಂದು ಕಡ್ಡಿಯ ತುದಿಯನ್ನು ಆರಿಸಿಕೊಂಡು, ಹಾರಿ ಬೇಟೆ ಹಿಡಿದು, ಮತ್ತೆ ಅದೇ ಕಡ್ಡಿಗೆ ಮರಳುತ್ತವೆ. ಇನ್ನು ಕೆಲವು ಗಂಟೆಗಟ್ಟಲೆ ಹಾರುತ್ತಲೇ ಇರುತ್ತವೆ. ಮೊದಲನೆಯದನ್ನು ಹುಡುಕಿ, ಎರಡನೆಯದನ್ನು ಕೈಮುಗಿದು ಬಿಟ್ಟುಬಿಡಿ.

ಈಗ ಕ್ಯಾಮೆರಾದ ಮಾತು. ಇದನ್ನು ಮೊದಲೇ ಹೇಳುತ್ತೀರೆಂದುಕೊಂಡು ಕೆಲವರು ಪುಸ್ತಕ ಪೆನ್ನು ಹಿಡಿದು ಕುಳಿತಿದ್ದೀರಿ. ಹೇಳಬೇಕಾದದ್ದು ಹೆಚ್ಚಿಲ್ಲ. ನಿಂತ ಪ್ರಾಣಿಗೂ ಸಣ್ಣ ಚಲನೆ ಇದ್ದೇ ಇರುತ್ತದೆ, ಬಾಯಿ ಆಡಿಸುತ್ತದೆ, ಕಿವಿ ಅಲುಗಿಸುತ್ತದೆ. ಅದಕ್ಕೆ 1/500 ಸಾಕು, 1/800 ಇದ್ದರೆ ನೆಮ್ಮದಿ. ಶಟರ್ ಮತ್ತು ಅಪರ್ಚರನ್ನು ನೀವೇ ಇಟ್ಟುಕೊಂಡು ಐಎಸ್ಒ ಒಂದನ್ನು ಕ್ಯಾಮೆರಾಕ್ಕೆ ಬಿಡಿ. ತೋಟದ ಬೆಳಕು ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ, ಅದರ ಹಿಂದೆ ಓಡಲು ನಿಮ್ಮಿಂದಾಗದು. ಫೋಕಸ್ ನಿರಂತರ ವಿಧಾನದಲ್ಲಿರಲಿ, ಆದರೆ ಫೋಕಸ್ ಬಿಂದು ಒಂದೇ ಇರಲಿ ಅಥವಾ ಚಿಕ್ಕ ಗುಂಪಿರಲಿ. ಇಡೀ ಫ್ರೇಮನ್ನು ಕ್ಯಾಮೆರಾಕ್ಕೆ ಒಪ್ಪಿಸಿದರೆ ಅದು ಅಳಿಲನ್ನು ಬಿಟ್ಟು ಮುಂದಿನ ಮೆಣಸಿನ ಎಲೆಯನ್ನು ಹಿಡಿಯುತ್ತದೆ. ಪ್ರಾಣಿಯ ಕಣ್ಣನ್ನು ತಾನೇ ಗುರುತಿಸುವ ಹೊಸ ಕ್ಯಾಮೆರಾಗಳು ಬಯಲಿನಲ್ಲಿ ಅದ್ಭುತ, ರೆಂಬೆಗಳ ನಡುವೆ ಅವುಗಳಿಗೂ ದಿಕ್ಕು ತಪ್ಪುತ್ತದೆ. ಫೋಕಸನ್ನು ಶಟರ್ ಗುಂಡಿಯಿಂದ ಬಿಡಿಸಿ ಕ್ಯಾಮೆರಾದ ಹಿಂಬದಿಯ ಗುಂಡಿಗೆ ಕೊಟ್ಟುಕೊಂಡರೆ, ಮೊದಲೇ ಆರಿಸಿಟ್ಟ ಕೊಂಬೆಯ ಮೇಲೆ ಫೋಕಸ್ ನಿಲ್ಲಿಸಿ ಕಾಯಬಹುದು. ನಾನು ಹೇಳಿದ ಪದ್ಧತಿಗೆ ಇದಕ್ಕಿಂತ ಉಪಯೋಗದ ಸೌಲಭ್ಯ ಇನ್ನೊಂದಿಲ್ಲ.

ಹತ್ತಿರ ಹೋದಷ್ಟೂ ಒಳ್ಳೆಯದು ಎಂಬ ಭ್ರಮೆಯನ್ನೂ ಬಿಡಿ. 400 ಮಿಲಿಮೀಟರ್ ಲೆನ್ಸಿನಲ್ಲಿ ಎಫ್5.6ಕ್ಕೆ ಹತ್ತು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 14 ಸೆಂಟಿಮೀಟರ್. ನಾಲ್ಕು ಮೀಟರಿಗೆ ಬಂದರೆ ಅದು ಎರಡು ಸೆಂಟಿಮೀಟರಿಗೆ ಇಳಿಯುತ್ತದೆ. ಅಳಿಲಿನ ಮೂಗು ಸ್ಪಷ್ಟ, ಕಿವಿ ಮಸುಕು. ಪ್ರಾಣಿಯೂ ನಿಮ್ಮನ್ನೇ ದಿಟ್ಟಿಸುತ್ತಾ ಓಡಲು ತಯಾರಾಗಿ ನಿಂತಿರುತ್ತದೆ. ಹೆದರಿದ ಪ್ರಾಣಿಯ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಒಮ್ಮೆ ಅದನ್ನು ಗುರುತಿಸಲು ಕಲಿತರೆ ಬಹುಮಾನ ಬಂದ ಚಿತ್ರಗಳಲ್ಲೂ ಅದೇ ಕಾಣತೊಡಗುತ್ತದೆ.

ಎಂ. ವೈ. ಘೋರ್ಪಡೆ, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರಂಥವರು ನಮ್ಮ ರಾಜ್ಯದಲ್ಲಿ ಈ ಕಲೆಯನ್ನು ಬೆಳೆಸಿದ್ದು ರೀಲಿನ ಕಾಲದಲ್ಲಿ. ಒಂದು ರೀಲಿಗೆ 36 ಚಿತ್ರ, ಆಮೇಲೆ ರೀಲು ಬದಲಾಯಿಸಬೇಕು, ತೊಳೆಸುವವರೆಗೆ ಏನು ಬಂದಿದೆ ಎಂದು ತಿಳಿಯುವಂತಿಲ್ಲ. ಅವರಿಗೆ ಕಾಯುವುದು ಅನಿವಾರ್ಯವಾಗಿತ್ತು. ಇಂದು ಸೆಕೆಂಡಿಗೆ ಇಪ್ಪತ್ತು ಮೂವತ್ತು ಚಿತ್ರ ತೆಗೆಯುವ ಕ್ಯಾಮೆರಾಗಳಿವೆ. ಗುಂಡಿ ಒತ್ತುವ ಮುಂಚಿನ ಅರೆಕ್ಷಣದ ಚಿತ್ರಗಳನ್ನೂ ಉಳಿಸಿಕೊಡುವ ಕ್ಯಾಮೆರಾಗಳೂ ಬಂದಿವೆ. ನಾನು ಆರಂಭದಲ್ಲಿ ಹೇಳಿದ ಕಾಲು ಸೆಕೆಂಡಿನ ಲೆಕ್ಕವನ್ನು ಅವು ನಿಜಕ್ಕೂ ತಿರುಗಿಸಿ ಹಾಕಿವೆ, ಒಪ್ಪುತ್ತೇನೆ. ಹಾರುವ ಓತಿಯ ಜಿಗಿತಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಆದರೆ ಯಾವ ಮರದ ಮುಂದೆ ನಿಲ್ಲಬೇಕು ಎಂಬುದನ್ನು ಅದೂ ಹೇಳುವುದಿಲ್ಲ.

ಕಾಯಲು ತಾಳ್ಮೆ ಇಲ್ಲದವರು ಹಿಡಿಯುವ ಅಡ್ಡದಾರಿಗಳ ಬಗ್ಗೆ ಸ್ವಲ್ಪ ಕಟುವಾಗಿಯೇ ಮಾತನಾಡಬೇಕಿದೆ. ಕೊಂಬೆಯ ಮೇಲೆ ಬಾಳೆಹಣ್ಣು ಕಟ್ಟಿ ಅಳಿಲನ್ನು ಕರೆಯುವುದು. ಓತಿಯನ್ನು ಹಿಡಿದು, ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು, ಮಂಕಾದ ಮೇಲೆ ಚೆಂದದ ಎಲೆಯ ಮೇಲೆ ಕೂರಿಸುವುದು. ಕೋಲಿನಿಂದ ಮರ ಬಡಿದು ಹಾರಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದು ಕರೆಯುವುದು ಗುಂಡು ಹಾರಿಸುವುದನ್ನಷ್ಟೇ ಅಲ್ಲ. ಕಾಡುಪ್ರಾಣಿಯನ್ನು ಹಿಡಿಯುವುದು, ಅಟ್ಟುವುದು, ಆಮಿಷವೊಡ್ಡುವುದು, ಅದಕ್ಕೆ ಪ್ರಯತ್ನಿಸುವುದು, ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆ, ಗೂಡುಗಳನ್ನು ಕೆದಕುವುದು ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಕಾನೂನಿನ ಭಯವನ್ನು ಬದಿಗಿಟ್ಟರೂ, ಮಂಕಾದ ಓತಿಯ ಕಾಲು ಕುಳಿತಿರುವ ರೀತಿಯೇ ಬೇರೆ, ತಿಳಿದವರಿಗೆ ಮೋಸ ಗೊತ್ತಾಗುತ್ತದೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳ ಒಳಗೆ ಹೋಗಲು ಇಲಾಖೆಯ ಅನುಮತಿ ಬೇಕು. ದೇವರಕಾಡಿಗೆ ಹೋಗುವುದಾದರೆ ಊರಿನ ತಕ್ಕರನ್ನು (ಊರ ಮುಖ್ಯಸ್ಥರನ್ನು) ಕೇಳಿ ಹೋಗಿ, ಅಲ್ಲಿನ ಕಟ್ಟುಪಾಡು ಊರಿಂದ ಊರಿಗೆ ಬೇರೆ. ಬೇರೆಯವರ ತೋಟಕ್ಕೆ ಹೇಳದೆ ನುಗ್ಗಬೇಡಿ, ಕಾಫಿ ಕೊಯ್ಲಿನ ಕಾಲದಲ್ಲಂತೂ ನಿಮ್ಮನ್ನು ಕಾಫಿ ಕಳ್ಳರೆಂದೇ ತಿಳಿಯುತ್ತಾರೆ.

ಕೇಳಲಾದ ಪ್ರಶ್ನೆಗಳಲ್ಲಿ ಕೆಲವು:

ನಮ್ಮ ಬಳಿ ಮೊಬೈಲ್ ಮಾತ್ರ ಇದೆ, ಏನು ಮಾಡಬಹುದು?

ಡಿಜಿಟಲ್ ಜೂಮ್ ಮಾಡಬೇಡಿ, ಅದು ಚಿತ್ರವನ್ನು ಹಿಗ್ಗಿಸುತ್ತದೆಯೇ ಹೊರತು ಹೊಸ ವಿವರ ಕೊಡುವುದಿಲ್ಲ. ನಿಲ್ಲುವ ಜಾಗ ಗೊತ್ತಿದ್ದರೆ ಮೊಬೈಲನ್ನು ಅಲ್ಲೇ ಒಂದು ಗಿಡಕ್ಕೆ ಸಿಕ್ಕಿಸಿ, ಸ್ಲೋ ಮೋಷನ್ ವಿಡಿಯೋ ಹಾಕಿ ನೀವು ದೂರ ಬನ್ನಿ. ಸೆಕೆಂಡಿಗೆ 120 ಅಥವಾ 240 ಫ್ರೇಮ್ ತೆಗೆಯುವ ಮೊಬೈಲ್ ಈಗ ಸಾಮಾನ್ಯ. ಬೆಳಕು ಚೆನ್ನಾಗಿರಬೇಕು, ಅಷ್ಟೆ. ಏರೋಪ್ಲೇನ್ ಚಿಟ್ಟೆ ಕಡ್ಡಿಗೆ ಮರಳುವುದನ್ನು ಹೀಗೆ ತೆಗೆದು ನೋಡಿ.

ರಾತ್ರಿ ಹಾರುಬೆಕ್ಕಿಗೆ ಫ್ಲ್ಯಾಷ್ ಹಾಕಬಹುದೇ?

ಕತ್ತಲೆಗೆ ಹೊಂದಿಕೊಂಡ ದೊಡ್ಡ ಕಣ್ಣು ಅದರದು. ಹಾರುವ ಗಳಿಗೆಯಲ್ಲಿ ಕಣ್ಣು ಕೋರೈಸಿದರೆ ಇಳಿಯಬೇಕಾದ ಕಾಂಡ ಅದಕ್ಕೆ ಕಾಣದಿರಬಹುದು. ಹಾಗಾಗಿ ಬೇಡ ಎಂದೇ ಹೇಳುತ್ತೇನೆ. ಮುಸ್ಸಂಜೆಯಲ್ಲಿ ಪೊಟರೆಯಿಂದ ತಲೆ ಹೊರಗೆ ಹಾಕಿ ಒಂದಿಷ್ಟು ಹೊತ್ತು ಸುತ್ತ ನೋಡುವ ರೂಢಿ ಅದಕ್ಕಿದೆ. ಉಳಿದ ಬೆಳಕಿನಲ್ಲಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು 1/60ಕ್ಕೆ ತೆಗೆಯಬಹುದು.

ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಬರುತ್ತದೆ, ಪರಿಹಾರ?

ಗಾಳಿಯಾಡದ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್. ತೇವಾಂಶ ಶೇಕಡ ಐವತ್ತರ ಆಸುಪಾಸಿನಲ್ಲಿರಲಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಚರ್ಮದ ಚೀಲದಲ್ಲಿ ಲೆನ್ಸ್ ಇಡಬೇಡಿ, ಬೂಷ್ಟು ಮೊದಲು ಹಿಡಿಯುವುದೇ ಅದಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ಯಾಮೆರಾವನ್ನು ಕಪಾಟಿನಲ್ಲಿ ಭದ್ರವಾಗಿಡುವವರಿಗಿಂತ ಬಿಸಿಲು ಇಣುಕಿದಾಗಲೆಲ್ಲ ಹೊರತೆಗೆದು ಬಳಸುವವರ ಲೆನ್ಸ್ ಹೆಚ್ಚು ಕಾಲ ಬಾಳುತ್ತದೆ.

ಆನೆ?

(ಸಭೆಯಲ್ಲಿ ನಗು. ಕೇಳಿದವರು ನಗಲಿಲ್ಲ.) ಸರಿಯಾದ ಪ್ರಶ್ನೆ. ಹಗಲು ಹೊತ್ತಿನಲ್ಲಿ ತೋಟದೊಳಗೆ ಆನೆ ನಿಂತಿದ್ದರೆ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಒಂದು ಕಣ್ಣು ವ್ಯೂಫೈಂಡರಿನಲ್ಲಿ, ಇನ್ನೊಂದು ಕಣ್ಣು ಮುಚ್ಚಿಕೊಂಡು ಅಳಿಲಿನಲ್ಲಿ ಮುಳುಗಿದವರಿಗೆ ಕಿವಿಯೂ ಕೇಳಿಸುವುದಿಲ್ಲ. ಒಬ್ಬರೇ ಹೋಗಬೇಡಿ. ಜೊತೆಗೆ ಬರುವವರ ಕೈಯಲ್ಲಿ ಕ್ಯಾಮೆರಾ ಇರಬಾರದು, ಅವರ ಕೆಲಸ ಕೇಳಿಸಿಕೊಳ್ಳುವುದು ಮಾತ್ರ. ಹೊರಡುವ ಮುಂಚೆ ಹಿಂದಿನ ರಾತ್ರಿ ಆನೆ ಯಾವ ಕಡೆ ದಾಟಿತೆಂದು ಕಾರ್ಮಿಕರನ್ನು ವಿಚಾರಿಸಿ. ಬಿದಿರು ಮುರಿಯುವ ಸದ್ದು ಕೇಳಿದರೆ ಅಳಿಲು ಎಂಥ ಭಂಗಿಯಲ್ಲಿದ್ದರೂ ಎದ್ದು ಬನ್ನಿ.

ನಮ್ಮ ತೋಟದಲ್ಲಿ ಕೆಂದಳಿಲು ದಾಟುವ ಕೊಂಬೆಯೇ ಈ ಸಲ ಕಪಾತಿಗೆ ಬರುತ್ತದೆ. ಬಿಡಲೂ ಆಗದು, ರೋಬಸ್ಟಾ ಕಾಫಿಗೆ ಬೆಳಕು ಬೇಕು.

ಅದೇ ಸಾಲಿನಲ್ಲಿ ಬೇರೆ ಎಲ್ಲವನ್ನೂ ತೆಗೆಯಿರಿ. ಎರಡು ಮರಗಳನ್ನು ಕೂಡಿಸುವ ಒಂದೇ ಒಂದು ಕೊಂಬೆ ಉಳಿದರೆ ಅದರ ನೆರಳು ಕಾಫಿಗೆ ಲೆಕ್ಕಕ್ಕಿಲ್ಲ, ಅಳಿಲಿಗೆ ಅದು ಸಾಕು. ಮರ ಹತ್ತುವವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಮೇಲೆ ಹೋದ ಮೇಲೆ ಯಾವ ಕೊಂಬೆಯೆಂದು ಗೊತ್ತಾಗುವುದಿಲ್ಲ. ಮೊದಲ ಮರ ಹತ್ತಿದ ಕೂಡಲೇ ಆ ಕೊಂಬೆಯ ಬುಡಕ್ಕೆ ಸುಣ್ಣದ ಪಟ್ಟಿ ಬಳಿಸಿ, ಆಮೇಲೆ ಕತ್ತಿ ಮೇಲೆ ಹೋಗಲಿ.